ಕಿರುನಾಟಕಗಳ ಸಂಜೆ ಮತ್ತು ಹಟ್ಟಿಯ ಹೊರಗಿನ ಗುಡಿಸಲು

ಸಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಿಂದ ಮಧುಗಿರಿ, ಕೊರಟಗೆರೆ, ಪಾವಗಡಗಳವರೆಗೆ ಹರಡಿರುವ ಬಯಲುಸೀಮೆಯ ಕಾಲೇಜುಗಳಲ್ಲಿ ವಾರ್ಷಿಕೋತ್ಸವ, ರಾಜ್ಯೋತ್ಸವಗಳ ಸಂಜೆಗೆ ಒಂದು ಸಿದ್ಧ ಮಾದರಿ ಏರ್ಪಟ್ಟಿದೆ. ನಾಲ್ಕೋ ಐದೋ ಕಿರುನಾಟಕಗಳು. ಅವೆಲ್ಲಕ್ಕೂ ಸೇರಿ ‘ಅಸ್ಮಿತೆ, ಕುಟುಂಬ, ಪರಂಪರೆ’ ಎಂಬ ತಲೆಬರಹ. ಬೆಂಗಳೂರಿನಿಂದ ಮರಳಿದ ಮೊಮ್ಮಗ, ಜಗುಲಿಯ ಮೇಲೆ ಕುಳಿತ ಅಜ್ಜಿ, ಮಾರಾಟಕ್ಕಿಟ್ಟ ಹೊಲ. ಕೊನೆಯ ದೃಶ್ಯದಲ್ಲಿ ಕಂಬಳಿ ಹೊದ್ದ ಯುವಕನೊಬ್ಬ ಗಣೆ ಹಿಡಿದು ಬರುತ್ತಾನೆ; ಮೊಮ್ಮಗನ ಕಣ್ಣು ತುಂಬುತ್ತದೆ; ಹೊಲ ಉಳಿಯುತ್ತದೆ; ಸಭೆ ಚಪ್ಪಾಳೆ ತಟ್ಟುತ್ತದೆ. ಮುಖ್ಯ ಅತಿಥಿಗಳು ‘ನಮ್ಮ ಬೇರುಗಳನ್ನು ಮರೆಯಬಾರದು’ ಎಂದು ಹೇಳಿ ಹೊರಡುತ್ತಾರೆ.

ಈ ಸಂಜೆಗಳ ದೋಷವನ್ನು ವಿದ್ಯಾರ್ಥಿ ನಟರ ಅನನುಭವದಲ್ಲಿ ಹುಡುಕುವುದು ಅನ್ಯಾಯ. ದೋಷವಿರುವುದು ಸಂಘಟಕರ ಮತ್ತು ತೀರ್ಪುಗಾರರ ಒಂದು ಗ್ರಹಿಕೆಯಲ್ಲಿ. ಪರಂಪರೆಯೆಂದರೆ ಈಗಾಗಲೇ ಕೈಯಲ್ಲಿರುವ ಒಡವೆ, ಅದನ್ನು ಒರಸಿ ಬೆಳಕಿಗೆ ಹಿಡಿದರೆ ಸಾಕು ಎಂದು ಅವರು ಭಾವಿಸಿದ್ದಾರೆ. ಪರಂಪರೆಯು ಯಾರನ್ನು ಒಳಗಿಟ್ಟುಕೊಂಡಿತು, ಯಾರನ್ನು ಹೊರಗಿಟ್ಟಿತು ಎಂದು ಕೇಳದ ನಾಟಕವನ್ನು ಪರಂಪರೆಯ ಕುರಿತ ನಾಟಕವೆಂದು ಕರೆಯಲಾಗದು. ಅದಕ್ಕೆ ವಸ್ತುಪ್ರದರ್ಶನವೆಂಬ ಹೆಸರೇ ತಕ್ಕುದು.

ಈ ಟೀಕೆಗೆ ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ಅರ್ಧ ಗಂಟೆಯ ಅವಧಿಯಲ್ಲಿ ಇದಕ್ಕಿಂತ ಆಳಕ್ಕೆ ಇಳಿಯಲಾಗದು ಎಂಬುದು ಮೊದಲನೆಯದು. ಪರಂಪರೆಯನ್ನು ಗೌರವಿಸಬೇಕಾದ ವೇದಿಕೆಯಲ್ಲಿ ಅದರ ಹುಳುಕನ್ನು ಎತ್ತಿ ಆಡಬಾರದು ಎಂಬುದು ಎರಡನೆಯದು. ಕನ್ನಡ ಸಾಹಿತ್ಯಚರಿತ್ರೆಯ ಮುಂದೆ ಇವೆರಡೂ ನಿಲ್ಲುವುದಿಲ್ಲ.

ಮೊದಲು ಅವಧಿಯ ಮಾತು. ರನ್ನನು ಗದಾಯುದ್ಧದಲ್ಲಿ ಇಡೀ ಭಾರತವನ್ನು ಹೇಳಲು ಆಯ್ದುಕೊಂಡದ್ದು ಯುದ್ಧದ ಕಟ್ಟಕಡೆಯ ದಿನವನ್ನು. ಉಳಿದುದೆಲ್ಲ ಸಿಂಹಾವಲೋಕನಕ್ರಮದಿಂದ ಆ ಒಂದು ದಿನದೊಳಕ್ಕೆ ಬಂದು ಸೇರುತ್ತದೆ. ಕೌರವೇಶ್ವರನು ತಂದೆತಾಯಿಗಳ ಸಂಧಿಯ ಮಾತನ್ನು ಕೇಳುತ್ತಾನೆ, ತಿರಸ್ಕರಿಸುತ್ತಾನೆ. ದ್ರೋಣ, ಕರ್ಣ, ದುಶ್ಶಾಸನರ ಮತ್ತು ತನ್ನ ಮಗ ಲಕ್ಷಣನ ಹೆಣಗಳ ನಡುವೆ ನಡೆಯುತ್ತಾನೆ. ಒಂದು ಕುಲದ ಚರಿತ್ರೆಯೆಲ್ಲ ಒಬ್ಬನ ಕೆಲವು ಹೆಜ್ಜೆಗಳಲ್ಲಿ ವ್ಯಕ್ತವಾಗುತ್ತದೆ. ಈ ಕಾವ್ಯದ ಶರೀರದಲ್ಲಿಯೇ ನಾಟಕವಿದೆಯೆಂದು ಕಂಡುಕೊಂಡು, ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ರಚಿಸಿದ ಬಿ.ಎಂ.ಶ್ರೀಕಂಠಯ್ಯನವರು ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಅಲ್ಪಾವಧಿಯಲ್ಲಿ ಮಹತ್ತನ್ನು ಹಿಡಿಯುವ ವಿದ್ಯೆ ಈ ಸೀಮೆಗೆ ಹೊರಗಿನಿಂದ ಬರಬೇಕಾದುದಲ್ಲ.

ಆಧುನಿಕ ಏಕಾಂಕಗಳ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಟಿ.ಪಿ.ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ಒಂದೇ ಮನೆಯ ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿದರು: ಪರೀಕ್ಷೆಯಲ್ಲಿ ಗೆದ್ದವನೊಬ್ಬ, ಸೋತವನೊಬ್ಬ. ಯಾರು ಟೊಳ್ಳು, ಯಾರು ಗಟ್ಟಿ ಎಂಬ ಪ್ರಶ್ನೆ ಆ ಮನೆಯ ಗೋಡೆಗಳನ್ನು ದಾಟಿ, ಹೊಸ ವಿದ್ಯೆಯ ಹಿಂದೆ ಬಿದ್ದಿದ್ದ ಇಡೀ ಮಧ್ಯಮವರ್ಗವನ್ನು ಮುಟ್ಟಿತು. ಕುವೆಂಪು 1928ರ ‘ಜಲಗಾರ’ದಲ್ಲಿ ದೇಗುಲದ ಹೊರಗೇ ಉಳಿಯಬೇಕಾದ ಜಾಡಮಾಲಿಯ ಬಳಿಗೆ ಶಿವನನ್ನೇ ಜಲಗಾರನಾಗಿ ಕರೆತಂದರು. ಕುಟುಂಬವಾಗಲಿ ಜಾತ್ರೆಯಾಗಲಿ ಈ ಕೃತಿಗಳಲ್ಲಿ ಅಲಂಕಾರವಾಗಿ ಬರಲಿಲ್ಲ, ಕಲಹದ ಕ್ಷೇತ್ರವಾಗಿ ಬಂದವು. ಅವುಗಳ ಶಕ್ತಿಯೂ ಅಲ್ಲಿಯೇ ಇದೆ.

ಇನ್ನೊಂದು ಪಕ್ಷದವರ ವಾದ ಬೇರೆ: ನಿಜವಾದ ಪರಂಪರೆ ಹಳ್ಳಿಯ ಇಡೀ ರಾತ್ರಿಯ ಪೌರಾಣಿಕ ನಾಟಕದಲ್ಲಿದೆ, ಕಿರುನಾಟಕ ಪೇಟೆಯವರ ಚಪಲ ಎಂಬುದು. ಗುಬ್ಬಿಯಲ್ಲಿ 1884ರಲ್ಲಿ ಕಂಪನಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ದ ರಂಗಕ್ಕೆ ಆನೆ ಕುದುರೆಗಳನ್ನೇ ತಂದ ಜಿಲ್ಲೆ ಇದು. ಇಂದಿಗೂ ಇಲ್ಲಿನ ಹಳ್ಳಿಗಳಲ್ಲಿ ರೈತರು, ಮೇಷ್ಟರು, ಅಂಗಡಿಯವರು ಪಾತ್ರಕ್ಕೆ ಇಂತಿಷ್ಟು ಎಂದು ಕೈಯಿಂದ ಹಣ ಹಾಕಿ, ಹಾರ್ಮೋನಿಯಂ ಮೇಷ್ಟರ ಬಳಿ ತಿಂಗಳುಗಟ್ಟಲೆ ಕಂದಪದ್ಯ ಕಲಿತು, ಬಾಡಿಗೆಯ ಸೀನರಿ ಕಟ್ಟಿಸಿ ‘ಕುರುಕ್ಷೇತ್ರ’ ಆಡುತ್ತಾರೆ. ಹಗಲೆಲ್ಲ ಕಡಲೆಕಾಯಿ ಹೊಲದಲ್ಲಿ ದುಡಿದವನು ರಾತ್ರಿ ದುರ್ಯೋಧನನಾಗಿ ಕಿರೀಟ ಧರಿಸುವ ಈ ಉತ್ಸಾಹವನ್ನು ಕಂಪನಿ ನಾಟಕದ ಕಳಪೆ ನಕಲು ಎಂದು ತಳ್ಳಿಹಾಕುವುದು ವಿದ್ವತ್ತಿನ ಲಕ್ಷಣವಲ್ಲ. ಆದರೆ ಅದೇ ರಂಗದಲ್ಲಿ ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಹಣ ಕೊಟ್ಟು ಕರೆಸುವ ವಾಡಿಕೆಯೂ ಇದೆ. ಊರಿನ ಗಂಡಸು ಕೃಷ್ಣನಾದರೆ ಮನೆತನಕ್ಕೆ ಹೆಮ್ಮೆ. ಊರಿನ ಹೆಣ್ಣುಮಗಳು ದ್ರೌಪದಿಯಾದರೆ ಮನೆತನಕ್ಕೆ ಕುಂದು. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳು ಕೇಳುವ ಪ್ರಶ್ನೆಯನ್ನು ಆಡಲು ಊರಿನ ಯಾವ ಹೆಣ್ಣಿಗೂ ಅನುಮತಿಯಿಲ್ಲದ ಈ ಸ್ಥಿತಿಯೇ ಒಂದು ಕಿರುನಾಟಕಕ್ಕೆ ಸಾಲುವಷ್ಟು ವಸ್ತು. ಇಡೀ ರಾತ್ರಿಯ ಆಟ ಕೇಳದೆ ಬಿಟ್ಟುದನ್ನು ಅರ್ಧ ಗಂಟೆಯ ಆಟ ಕೇಳಬಹುದು.

ಎರಡನೆಯ ಸಮಾಧಾನವಾದ ಗೌರವದ ವಾದಕ್ಕೆ ಒಂದು ಘನವಾದ ಪೂರ್ವಚರಿತ್ರೆಯಿದೆ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ಯನ್ನು ಪ್ರಕಟಿಸಿದರು. ಶಂಬೂಕನ ತಲೆಗೆಂದು ಹೊರಟ ರಾಮನ ಅಸ್ತ್ರ ಅಲ್ಲಿ ಶಂಬೂಕನನ್ನು ದೂರಿದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಪೂರ್ವಕಥೆಯನ್ನು ಹೀಗೆ ತಿರುಗಿಸುವುದು ಸಲ್ಲದೆಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು. ಆ ಆಕ್ಷೇಪ ಹಗುರವಾದುದಲ್ಲ: ಜನಮನದಲ್ಲಿ ನೆಲೆನಿಂತ ಕಥೆಯೊಂದಕ್ಕೆ ತನ್ನದೇ ಆದ ಪಾವಿತ್ರ್ಯವಿದೆ, ಬರೆಯುವವನ ಒಲವಿಗೆ ತಕ್ಕಂತೆ ಅದನ್ನು ಬಗ್ಗಿಸತೊಡಗಿದರೆ ಉಳಿಯುವುದೇನು ಎಂಬ ಭಯ ಅದರ ಹಿಂದಿದೆ. ಈ ಭಯಕ್ಕೆ ಉತ್ತರ ಕನ್ನಡದ ಮೊದಲ ಮಹಾಕವಿಗಳಲ್ಲಿಯೇ ದೊರೆಯುತ್ತದೆ. ಪಂಪ, ರನ್ನರು ಜಿನಭಕ್ತರು. ವೈದಿಕರ ಇತಿಹಾಸಕಾವ್ಯವನ್ನು ಎತ್ತಿಕೊಂಡು, ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ರನ್ನನು ದುರ್ಯೋಧನನ ಛಲಕ್ಕೆ ಮರೆಯಲಾಗದ ಘನತೆ ಕೊಟ್ಟ. ಸ್ವತಃ ರನ್ನ ಬಳೆಗಾರರ ಕುಲದವನು. ಕುಲವೃತ್ತಿ, ಧರ್ಮ, ಆಸ್ಥಾನ, ಆಯ್ದುಕೊಂಡ ಕಥೆ ಈ ನಾಲ್ಕೂ ಬೇರೆಬೇರೆ ದಿಕ್ಕಿಗೆ ಎಳೆಯುತ್ತಿದ್ದಾಗ ಅವನ ‘ಅಸ್ಮಿತೆ’ ಯಾವುದು? ಇಂದು ಪರಂಪರೆಯೆಂದು ಪೂಜೆಗೊಳ್ಳುತ್ತಿರುವ ಕಾವ್ಯಗಳು ತಮ್ಮ ಕಾಲದಲ್ಲಿ ಪರಂಪರೆಯ ಮೇಲೆ ಕೈಮಾಡಿದವು. ಆ ಕೈಮಾಡುವಿಕೆಯನ್ನು ಬಿಟ್ಟು ಪೂಜೆಯನ್ನು ಮಾತ್ರ ಮುಂದುವರಿಸುವವರು ಅವರ ವಾರಸುದಾರರಾಗಲಾರರು.

ಈಗ ರಂಗದ ಮೇಲಿನ ಆ ಗಣೆಗೆ ಮರಳಬೇಕು. ಗಣೆಯೆಂಬುದು ಬಿದಿರಿನ ಉದ್ದನೆಯ ಕೊಳಲು. ಕಾಡುಗೊಲ್ಲರ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಾವ್ಯವನ್ನು ಹಾಡುವವರು ಅದನ್ನು ನುಡಿಸುತ್ತಾರೆ. ಅವರಿಗೆ ಅದು ಪವಿತ್ರ ವಾದ್ಯ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಆ ಕಥೆಯ ಕ್ಷೇತ್ರ. ಕಾವ್ಯವನ್ನು ಒಮ್ಮೆ ಕೇಳಿದವರಿಗೂ ತಿಳಿಯುವಂತೆ, ಸೋದರಮಾವಂದಿರ ಹಗೆಯೇ ಅದರ ಮುಖ್ಯ ಎಳೆ. ತಾಯಿಯ ತವರೇ ಮಗನ ಮೃತ್ಯುವಾಗಿ ನಿಲ್ಲುವ ಈ ಕಥೆಯನ್ನು ಹಾಡಿದವರು ಕುಟುಂಬವನ್ನು ಅಜ್ಜಿಯ ಜಗುಲಿಯಷ್ಟು ಸುಲಭವೆಂದು ತಿಳಿದಿರಲಿಲ್ಲ. ಅಸ್ಮಿತೆಯೂ ಈ ಜನರಿಗೆ ಸುಲಭದ ಮಾತಲ್ಲ. ‘ಗೊಲ್ಲ’ ಎಂಬ ಒಟ್ಟು ಹೆಸರಿನಲ್ಲಿ ಕರಗಿಸದೆ ‘ಕಾಡುಗೊಲ್ಲ’ ಎಂದೇ ದಾಖಲಿಸಬೇಕು, ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಎಂಬ ಬೇಡಿಕೆ ದೀರ್ಘಕಾಲದ್ದು. 2020ರ ಸಿರಾ ಉಪಚುನಾವಣೆಯ ಹೊತ್ತಿಗೆ ಸರಕಾರ ಅವರಿಗೊಂದು ಅಭಿವೃದ್ಧಿ ನಿಗಮವನ್ನು ಘೋಷಿಸಿತು. ಕಡತದಲ್ಲಿನ ಒಂದು ಪದಕ್ಕಾಗಿ ನಡೆಯುತ್ತಿರುವ ಈ ಹೋರಾಟ ಗಣೆ ಹಿಡಿದ ಯುವಕನ ಸಂಭಾಷಣೆಯಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ಸಂಗತಿಯೂ ಅಲ್ಲಿಲ್ಲ. ದೇವರಿಗೆ ಮೈಲಿಗೆ ಆಗದೆಂಬ ನಂಬಿಕೆಯಿಂದ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಹಲವು ಗೊಲ್ಲರಹಟ್ಟಿಗಳಲ್ಲಿ ಉಳಿದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹಾಗೆ ಗುಡಿಸಲಿನಲ್ಲಿ ತಾಯಿಯೊಂದಿಗೆ ಇರಿಸಲಾಗಿದ್ದ ಹಸುಗೂಸು ಮಳೆಶೀತಗಳ ನಡುವೆ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಹೆಣ್ಣನ್ನು ಹೀಗೆ ಬಲವಂತವಾಗಿ ಪ್ರತ್ಯೇಕಿಸುವುದನ್ನು ಕರ್ನಾಟಕದ 2017ರ ದುಷ್ಟ ಪದ್ಧತಿಗಳ ತಡೆ ಕಾಯಿದೆ ಅಪರಾಧವೆಂದು ಎಣಿಸುತ್ತದೆ. ಕಾಯಿದೆ ಬಂದಿತು, ಗುಡಿಸಲು ಉಳಿಯಿತು. ಗಣೆಯೂ ಗುಡಿಸಲೂ ಒಂದೇ ಹಟ್ಟಿಯವು. ಒಂದೇ ದೇವರ ಹೆಸರಿನಲ್ಲಿ ನಿಂತವು. ಗಣೆಯನ್ನು ಮಾತ್ರ ರಂಗಕ್ಕೆ ತಂದು ಗುಡಿಸಲನ್ನು ನೇಪಥ್ಯದಲ್ಲಿ ಅಡಗಿಸುವುದಕ್ಕೆ ಗೌರವವೆಂಬ ಹೆಸರು ಸಲ್ಲದು. ಆ ತಾಯಿಯ ಮಟ್ಟಿಗೆ ಅದು ಎರಡನೆಯ ಬಹಿಷ್ಕಾರ.

ಹೊರಗಿನವರು ಒಂದು ಸಮುದಾಯದತ್ತ ಬೆರಳು ತೋರುವುದು ಸುಲಭವೆಂಬ ಆಕ್ಷೇಪ ಇಲ್ಲಿ ಏಳಬಹುದು, ಏಳಬೇಕು ಕೂಡ. ಆದುದರಿಂದ ಇದೇ ಪ್ರಶ್ನೆಯನ್ನು ಜೈನ ಪರಂಪರೆಯ ಮುಂದೆಯೂ ಇಡಬೇಕಾಗುತ್ತದೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಸಮಾರಂಭಗಳ ರೂಪಕಗಳಿಗೆ ಪ್ರಿಯಳಾದ ನಾಯಿಕೆ. ಅವಳ ಹೆಸರಿನಲ್ಲಿ ರಾಜ್ಯ ಸರಕಾರದ ಪ್ರಶಸ್ತಿಯಿದೆ. ಅವಳಿಗೊಬ್ಬ ತಂಗಿಯಿದ್ದಳು: ಗುಂಡಮಬ್ಬೆ. ಇಬ್ಬರೂ ಸೇನಾನಿ ನಾಗದೇವನ ಪತ್ನಿಯರು. ಅವನು ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದು ವ್ರತ, ದಾನಗಳ ದಾರಿ ಹಿಡಿದಳು. ಇದನ್ನು ತಿಳಿಸುವವನು ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದ ರನ್ನನೇ. ಅಹಿಂಸೆಯನ್ನು ಪರಮಧರ್ಮವೆಂದ ಮನೆತನದೊಳಗೆ ಚಿತೆ ಹೇಗೆ ಬಂದಿತು? ಆ ಹಿಂದಿನ ರಾತ್ರಿ ಅಕ್ಕತಂಗಿಯರು ಏನು ಮಾತಾಡಿಕೊಂಡಿರಬಹುದು? ಅಸ್ಮಿತೆ, ಕುಟುಂಬ, ಪರಂಪರೆ ಮೂರೂ ಒಂದೇ ಕೋಣೆಯಲ್ಲಿ ಕೂಡಿಬಂದ ಈ ಗಳಿಗೆಯನ್ನು ಬಿಟ್ಟು, ರೂಪಕಗಳು ಓಲೆಗರಿಗಳ ಮೆರವಣಿಗೆಯನ್ನಷ್ಟೇ ತೋರಿಸುತ್ತ ಬಂದರೆ, ಜೈನರ ಬಳಿಯೂ ಒಂದು ನೇಪಥ್ಯವಿದೆಯೆಂದೇ ಅರ್ಥ.

ಆದುದರಿಂದ ಆಗಬೇಕಾದುದು ಸರಳ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಏಕಾಂಕಕ್ಕೆ 30 ನಿಮಿಷಗಳ ಮಿತಿಯಿದೆ. ಅದು ಸಾಕಾದಷ್ಟು ಕಾಲ. ತೀರ್ಪುಗಾರರು ವೇಷಭೂಷಣಕ್ಕೆ, ಜಾನಪದ ವಾದ್ಯಕ್ಕೆ ಅಂಕ ಕೊಡುವ ಮುನ್ನ, ಈ ನಾಟಕದಲ್ಲಿ ಯಾರಿಗೆ ಏನನ್ನು ಕಳೆದುಕೊಳ್ಳುವ ಭಯವಿದೆ ಎಂದು ಕೇಳಲಿ. ಅಧ್ಯಾಪಕರು ಸಿದ್ಧ ಸಂಭಾಷಣೆಗಳನ್ನು ಹಂಚುವ ಬದಲು, ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಆಡಲಾಗದ ಒಂದು ಮಾತನ್ನು ಬರೆದು ತರಲಿ ಎಂದು ಹೇಳಲಿ. ಹಟ್ಟಿಯ ನಾಟಕವನ್ನು ಪಂಡಿತರು ಬರೆಯಬೇಕಾಗಿಲ್ಲ. ಗೊಲ್ಲರಹಟ್ಟಿಯಿಂದ ಬಸ್ಸು ಹಿಡಿದು ಸಿರಾದ ಕಾಲೇಜಿಗೆ ಬರುವ ಹೆಣ್ಣುಮಗಳಿಗೆ ಆ ಗುಡಿಸಲು ಎಷ್ಟು ಅಡಿ ಅಗಲ, ಮಳೆ ಬಂದಾಗ ಅದರ ಯಾವ ಮೂಲೆ ಸೋರುತ್ತದೆ ಎಂಬುದು ಗೊತ್ತಿದೆ. ಗಣೆಯ ನಾದವನ್ನು ಕೇಳಿ ಬೆಳೆದವಳೂ ಅವಳೇ. ಅವೆರಡನ್ನೂ ಒಂದೇ ರಂಗದ ಮೇಲೆ ತರಲು ಅವಳಿಗೆ ಅವಕಾಶ ಸಿಕ್ಕಿದ ದಿನ ಆ ಸಂಜೆಯ ತಲೆಬರಹಕ್ಕೆ ಅರ್ಥ ಬರುತ್ತದೆ. ಅಲ್ಲಿಯವರೆಗೆ ಆ ಮೂರು ಪದಗಳನ್ನು ಕರಪತ್ರದಿಂದ ತೆಗೆದುಬಿಡುವುದೇ ಪ್ರಾಮಾಣಿಕತೆ.