ಒಗರಿನ ಬಟ್ಟೆ

ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ಅಮರಾವತಿಯ ಬುದ್ಧಪ್ರತಿಮೆಗಳಿವೆ. ಬಲಹೆಗಲು ಬರಿದು, ಎಡಹೆಗಲಿನಿಂದ ಚೀವರವು ನೆರಿಗೆನೆರಿಗೆಯಾಗಿ ಇಳಿದಿದೆ. ಕಲ್ಲಿನಲ್ಲಿ ಬಣ್ಣವಿಲ್ಲ; ಆದರೂ ಅದು ಭಿಕ್ಷುವಿನ ಉಡುಪೆಂಬುದರಲ್ಲಿ ನೋಡುಗನಿಗೆ ಅನುಮಾನವಿಲ್ಲ. ನಾವಾದರೋ ಇಂದು ಸಂನ್ಯಾಸಿಯ ವಸ್ತ್ರವೆಂದರೆ ಬಣ್ಣವೊಂದನ್ನೇ ಕಾಣುತ್ತೇವೆ. ಕಾವಿ ಯಾರದು ಎಂಬ ಜಗಳದಲ್ಲಿ ಆ ಬಟ್ಟೆಯ ಅರ್ಥವೇ ಕಳೆದುಹೋಗಿದೆ ಎಂಬುದು ನನ್ನ ಅಭಿಪ್ರಾಯ.

ವಿನಯಪಿಟಕದ ಪ್ರಕಾರ ಭಿಕ್ಷುವಿಗೆ ಮೂರು ವಸ್ತ್ರಗಳು: ಸೊಂಟಕ್ಕೆ ಅಂತರವಾಸಕ, ಮೈಮೇಲೆ ಉತ್ತರಾಸಂಗ, ಚಳಿಗೆ ಎರಡು ಪದರದ ಸಂಘಾಟಿ. ಮೊದಮೊದಲು ಇವು ಮಸಣದಲ್ಲೋ ಕಸದ ರಾಶಿಯಲ್ಲೋ ಆಯ್ದ ಚಿಂದಿಗಳು. ವೈದ್ಯ ಜೀವಕನು ಬೆಲೆಬಾಳುವ ಬಟ್ಟೆಯನ್ನು ಅರ್ಪಿಸಿದ ಮೇಲೆ ಗೃಹಸ್ಥರ ದಾನಕ್ಕೂ ಅನುಮತಿ ದೊರೆಯಿತು. ಆದರೆ ಹೊಸ ಬಟ್ಟೆಯನ್ನೂ ಕತ್ತರಿಸಿಯೇ ಹೊಲಿಯಬೇಕಿತ್ತು. ಬುದ್ಧನು ಮಗಧದ ಗದ್ದೆಗಳನ್ನೂ ಬದುಗಳನ್ನೂ ತೋರಿಸಿ, ಚೀವರವನ್ನು ಹೀಗೆ ಮಾಡಲಾದೀತೇ ಎಂದು ಆನಂದನನ್ನು ಕೇಳಿದ ಪ್ರಸಂಗ ಮಹಾವಗ್ಗದಲ್ಲಿದೆ. ತುಂಡುಮಾಡಿದ ಬಟ್ಟೆಗೆ ಯಾರೂ ಆಸೆಪಡುವುದಿಲ್ಲ. ಬೆಲೆಯನ್ನು ಕಳೆಯುವುದೇ ಅಲ್ಲಿ ಕತ್ತರಿಯ ಕೆಲಸ.

ಬಣ್ಣವೂ ಅಂಥದ್ದೇ. ಬೇರು, ತೊಗಟೆ, ಎಲೆ, ಹೂವುಗಳನ್ನು ಕುದಿಸಿ ಅದರಲ್ಲಿ ಬಟ್ಟೆಯನ್ನು ಅದ್ದುತ್ತಿದ್ದರು. ಕಷಾಯದ ಬಣ್ಣ ಹಿಡಿದದ್ದು ಕಾಷಾಯ. ನೆಗಡಿಯಾದಾಗ ನಾವು ಕುಡಿಯುವ ಕಷಾಯಕ್ಕೂ ಈ ಉಡುಪಿಗೂ ಹೆಸರಿನ ಮೂಲ ಒಂದೇ. ಒಗರು ಎಂಬುದು ಅದರ ಒಂದು ಅರ್ಥ. ತಮಿಳಿನ ‘ತುವರಾಡೈ’ಯೂ ಹಾಗೆಯೇ: ತುವರ್ ಎಂದರೆ ಒಗರೂ ಹೌದು, ಕೆಂಪೂ ಹೌದು. 7ನೇ ಶತಮಾನದ ಸಂಬಂಧರ್ ತೇವಾರದಲ್ಲಿ ಬೌದ್ಧರನ್ನು ಹಳಿಯುವಾಗ ಈ ತುವರ್ ಬಟ್ಟೆಯನ್ನೇ ಎತ್ತಿ ಆಡುತ್ತಾರೆ. ಸಂಸ್ಕೃತದಲ್ಲಿಯೂ ತಮಿಳಿನಲ್ಲಿಯೂ ಬಣ್ಣದ ಹಿಂದಿರುವುದು ತೊಗಟೆಯ ರುಚಿ.

ಬಣ್ಣವು ನೆಲದಿಂದ ನೆಲಕ್ಕೆ ಬದಲಾಯಿತು. ಸಿಂಹಳ, ಬರ್ಮಾಗಳಲ್ಲಿ ಹಲಸಿನ ಮರದ ತಿರುಳಿನಿಂದ ಹಳದಿ ಬಂತು. 1960ರ ದಶಕದಲ್ಲಿ ನಮ್ಮ ಬೈಲುಕುಪ್ಪೆಯಲ್ಲಿ ನೆಲೆನಿಂತ ಟಿಬೆಟನ್ ಭಿಕ್ಷುಗಳದು ಕಡುಗೆಂಪು. ಜಪಾನಿನಲ್ಲಿ ಕಾಷಾಯವೆಂಬ ಪದವೇ ‘ಕೇಸ’ ಎಂದಾಗಿ, ಬಣ್ಣದ ಗುರುತನ್ನು ಬಿಟ್ಟು ಉಡುಪಿನ ಹೆಸರಾಗಿ ಉಳಿಯಿತು. ಇಷ್ಟೆಲ್ಲ ಬದಲಾದರೂ ತುಂಡುಗಳ ಹೊಲಿಗೆ ಅಳಿಯಲಿಲ್ಲ. ಅದೂ ಕೆಡದೆ ಉಳಿಯಿತೆನ್ನಲಾರೆ: ಜಪಾನಿನಲ್ಲಿ ಜರತಾರಿ ರೇಷ್ಮೆಯನ್ನೇ ತುಂಡರಿಸಿ ಕೇಸವನ್ನು ಹೊಲಿದದ್ದುಂಟು. ಬಡತನದ ವಿನ್ಯಾಸವೂ ವೈಭವಕ್ಕೆ ಒದಗಬಲ್ಲದು.

ಹಾಗಾದರೆ ಈ ಬಟ್ಟೆಯನ್ನು ಅಳೆಯುವುದು ಹೇಗೆ? ವಿನಯದಲ್ಲಿಯೇ ಒಂದು ಕಥೆಯಿದೆ. ಕೌಶಾಂಬಿಯ ಅರಸ ಉದಯನನ ಅಂತಃಪುರದವರು ಆನಂದನಿಗೆ 500 ವಸ್ತ್ರಗಳನ್ನು ಕೊಟ್ಟರು. ಅಷ್ಟೊಂದು ಏಕೆಂದು ಅರಸನು ಕೇಳಿದ. ಚೀವರ ಸವೆದವರಿಗೆ ಹಂಚುವೆನೆಂದು ಆನಂದನು ಹೇಳಿದ. ಸವೆದುದನ್ನು ಏನು ಮಾಡುತ್ತೀರಿ? ಮೇಲುಹಾಸು. ಅದೂ ಹಳತಾದರೆ? ಹಾಸಿಗೆಯ ಹೊದಿಕೆ, ಆಮೇಲೆ ನೆಲಹಾಸು, ಕಾಲೊರಸು, ದೂಳೊರಸು. ಕೊನೆಗೆ ಕುಟ್ಟಿ ಕೆಸರಿನೊಡನೆ ಕಲಸಿ ನೆಲಕ್ಕೆ ಮೆತ್ತುತ್ತೇವೆ.

ಕಾವಿಯ ಗೌರವಕ್ಕಾಗಿ ದನಿಯೆತ್ತುವವರು, ಅವರು ಯಾವ ಪಂಥದವರೇ ಆಗಲಿ, ಉದಯನನ ಪ್ರಶ್ನೆಗೆ ಮೊದಲು ಉತ್ತರ ಕೊಡಲಿ. ನೆಲಕ್ಕೆ ಮೆತ್ತಿಸಿಕೊಳ್ಳಲು ಸಿದ್ಧವಿದ್ದ ಬಟ್ಟೆಗೆ ನಾವು ಬೇರೆ ಗೌರವವನ್ನು ತಂದುಕೊಡಬೇಕಾಗಿಲ್ಲ.