ಹೆಸರಿನೊಡನೆ ಕಾಯಕ



ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ನೆನೆಯೋಣ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಹೆಸರನ್ನು ಉಚ್ಚರಿಸಿದೊಡನೆಯೇ ಅವರು ಯಾವ ಕಾಯಕದಿಂದ ಬದುಕಿದರೆಂಬುದು ತಿಳಿದುಬರುತ್ತದೆ. ಬಟ್ಟೆ ಮಡಿ ಮಾಡಿದವರು, ದೋಣಿ ನಡೆಸಿದವರು, ಹಗ್ಗ ಹೊಸೆದವರು ತಮ್ಮ ದುಡಿಮೆಯನ್ನು ಮರೆಮಾಚಲಿಲ್ಲ, ಹಿಗ್ಗಿಸಿಯೂ ಹೇಳಲಿಲ್ಲ. ಇಂದು ನಮ್ಮ ಮಕ್ಕಳು ಉದ್ಯೋಗಕ್ಕಾಗಿ ಅಂತರಜಾಲದಲ್ಲಿ ತಮ್ಮ ಪರಿಚಯವನ್ನು ಬರೆದಿಡುವಾಗ ಈ ಸರಳ ಕ್ರಮವನ್ನು ಮರೆಯುತ್ತಿರುವರೇನೋ ಎಂಬ ಶಂಕೆ ನಮ್ಮನ್ನು ಕಾಡಿದೆ. ಅದಕ್ಕೆ ಕಾರಣ ನಮಗೆ ಬಂದ ಒಂದು ಪತ್ರ.

ಪತ್ರ ಬರೆದವರು ಧಾರವಾಡದ ಒಬ್ಬ ತಾಯಿ. ಅವರ ಮಗ ಬಿ.ಕಾಂ. ಪದವೀಧರ. ಬೆಂಗಳೂರಿನ ಸರಕು ಸಾಗಣೆ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾಲ್ಕು ವರ್ಷ ದುಡಿದವನು. ತಂದೆಗೆ ಪಾರ್ಶ್ವವಾಯು ಬಡಿದಾಗ ಕೆಲಸ ಬಿಟ್ಟು ಊರಿಗೆ ಬಂದು ಒಂಬತ್ತು ತಿಂಗಳು ಅವರ ಶುಶ್ರೂಷೆ ಮಾಡಿದ. ಈಗ ತಂದೆಯವರು ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದಾರೆ. ಆದರೂ ಅವರನ್ನು ಬಿಟ್ಟು ದೂರ ಹೋಗುವಂತಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿಯೇ ಕೆಲಸ ದೊರೆಯಬೇಕು. ಲಿಂಕ್ಡ್‌ಇನ್ ತಾಣದಲ್ಲಿ ಅವನ ಪುಟವಿದ್ದರೂ ಈ ಭಾಗದ ಒಂದು ಸಂಸ್ಥೆಯೂ ವಿಚಾರಿಸಿರಲಿಲ್ಲ. ಬಂಧುಗಳೊಬ್ಬರು, "ಮನೆಯಲ್ಲಿ ಕುಳಿತದ್ದನ್ನು ಹೇಳಬೇಡ, ಇನ್ನೂ ಬೆಂಗಳೂರಿನ ಕೆಲಸದಲ್ಲಿಯೇ ಇದ್ದೇನೆಂದು ಬರೆ" ಎಂದು ಸಲಹೆ ಕೊಟ್ಟರಂತೆ. "ಸುಳ್ಳು ಬರೆಯಲು ಮನಸ್ಸು ಒಪ್ಪದು. ನಿಜ ಬರೆದರೆ ಕೆಲಸ ಸಿಕ್ಕೀತೇ?" ಇದು ಆ ತಾಯಿಯ ಪ್ರಶ್ನೆ.

ಹಿರಿಯರ ತಿಳಿವಳಿಕೆಗಾಗಿ ಒಂದು ಮಾತು. ಲಿಂಕ್ಡ್‌ಇನ್ 2003ರಲ್ಲಿ ಆರಂಭವಾದ ಅಂತರಜಾಲ ತಾಣ. 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡಿತು. ಇಲ್ಲಿ ಪುಟ ತೆರೆಯಲು ಹಣ ಕೊಡಬೇಕಾಗಿಲ್ಲ. ಉದ್ಯೋಗ ನೀಡುವವರು ಎಲ್ಲರ ಪುಟಗಳನ್ನೂ ಓದುತ್ತ ಕೂಡುವುದಿಲ್ಲ. ಹುದ್ದೆಯ ಹೆಸರು, ಬಲ್ಲ ಕೆಲಸ, ಊರು ಇವುಗಳನ್ನು ಕೊಟ್ಟು ಹುಡುಕುತ್ತಾರೆ. ಆ ಮಾತುಗಳು ಯಾರ ಪುಟದಲ್ಲಿವೆಯೋ ಅವರು ಕಣ್ಣಿಗೆ ಬೀಳುತ್ತಾರೆ. ಉಳಿದವರು ಎಷ್ಟೇ ಯೋಗ್ಯರಾಗಿದ್ದರೂ ಕತ್ತಲಲ್ಲಿಯೇ ಉಳಿಯುತ್ತಾರೆ.

ಆ ಯುವಕನ ಪುಟವನ್ನು ತರಿಸಿ ನೋಡಿದೆವು. ಊರಿನ ಸ್ಥಾನದಲ್ಲಿ ಇನ್ನೂ ಬೆಂಗಳೂರೆಂದೇ ಇತ್ತು. ಧಾರವಾಡದಲ್ಲಿ ಕುಳಿತು ಬೆಂಗಳೂರಿನ ಬಾಗಿಲಲ್ಲಿ ಹೆಸರು ಬರೆಸಿದರೆ ಹುಬ್ಬಳ್ಳಿಯವರು ಕರೆಯುವುದೆಂತು? ಮಹಾನಗರದ ಹೆಸರಿದ್ದರೆ ಗೌರವ ಹೆಚ್ಚೆಂಬ ಭ್ರಮೆಯಿಂದ ಊರಿನಲ್ಲಿರುವ ಅನೇಕರೂ ಹೀಗೆಯೇ ಮಾಡುತ್ತಾರೆ. ಮೊದಲು ತಿದ್ದಬೇಕಾದುದು ಇದನ್ನೇ. ಇನ್ನೊಂದು ಸೂಕ್ಷ್ಮವೂ ಇದೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳಿಗೆ ಇಂಗ್ಲಿಷಿನಲ್ಲಿಯೂ ಕನ್ನಡದ ರೂಪಗಳು ಬಂದವು. ಆದರೂ ಹುಬ್ಳಿ, ಬೆಲ್ಗಾಂ, ಗುಲ್ಬರ್ಗಾ ಎಂಬ ಹಳೆಯ ಇಂಗ್ಲಿಷ್ ರೂಪಗಳು ಬಳಕೆಯಿಂದ ಮಾಯವಾಗಿಲ್ಲ. ಹುಡುಕುವವರು ಯಾವುದನ್ನು ಬರೆಯುವರೋ ಹೇಳಲಾಗದು. ಆದುದರಿಂದ ಪರಿಚಯದ ಭಾಗದಲ್ಲಿ ಎರಡೂ ರೂಪಗಳು ಒಮ್ಮೊಮ್ಮೆ ಬರುವಂತೆ ನೋಡಿಕೊಳ್ಳುವುದು ಒಳಿತು.

ಹೆಸರಿನ ಕೆಳಗಿನ ಶೀರ್ಷಿಕೆಯಲ್ಲಿ ಆತ "ಹೊಸ ಅವಕಾಶಗಳ ನಿರೀಕ್ಷೆಯಲ್ಲಿ" ಎಂದು ಬರೆದಿದ್ದ. ಇದರಿಂದ ಅವನ ಅಗತ್ಯ ತಿಳಿಯುತ್ತದೆ, ಕಾಯಕ ತಿಳಿಯುವುದಿಲ್ಲ. ಶೀರ್ಷಿಕೆಗೆ 220 ಅಕ್ಷರಗಳವರೆಗೆ ಸ್ಥಳವಿರುತ್ತದೆ. "ಲೆಕ್ಕಪತ್ರ ಸಹಾಯಕ, ನಾಲ್ಕು ವರ್ಷಗಳ ಅನುಭವ, ಟ್ಯಾಲಿ ಮತ್ತು ಜಿ.ಎಸ್.ಟಿ. ರಿಟರ್ನ್ಸ್, ಹುಬ್ಬಳ್ಳಿ-ಧಾರವಾಡ" ಎಂಬರ್ಥದ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದೆವು. ಹೆಸರಿನೊಡನೆ ಕಾಯಕ, ಕಾಯಕದೊಡನೆ ಊರು.

ಅನುಭವದ ಭಾಗದಲ್ಲಿ ಸಂಸ್ಥೆಯ ಹೆಸರು ಮತ್ತು ವರ್ಷಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. "ನೀನು ಅಲ್ಲಿ ದಿನವೂ ಏನು ಮಾಡುತ್ತಿದ್ದೆ?" ಎಂದು ಕೇಳಿದೆವು. ಆತ ಸಂಕೋಚದಿಂದಲೇ ಹೇಳತೊಡಗಿದ. ಲಾರಿ ಬಾಡಿಗೆಯ ಬಿಲ್ಲುಗಳನ್ನು ದಾಖಲಿಸುತ್ತಿದ್ದ. ಬ್ಯಾಂಕಿನ ಲೆಕ್ಕವನ್ನು ತಾಳೆ ನೋಡುತ್ತಿದ್ದ. ಪ್ರತಿ ತಿಂಗಳು 11ನೆಯ ತಾರೀಖಿನೊಳಗೆ ಜಿ.ಎಸ್.ಟಿ.ಆರ್.-1, 20ರೊಳಗೆ 3-ಬಿ ಸಲ್ಲಿಕೆಗೆ ಸಿದ್ಧಪಡಿಸುತ್ತಿದ್ದ. ನಾಲ್ಕು ವರ್ಷಗಳಲ್ಲಿ ತನ್ನ ಕೈಯಿಂದ ಒಮ್ಮೆಯೂ ಗಡುವು ಮೀರಿಲ್ಲವೆಂದ. ಇಷ್ಟು ಅಚ್ಚುಕಟ್ಟಾದ ದುಡಿಮೆ ಪುಟದಲ್ಲಿ ಒಂದು ಸಾಲಿಗೂ ಬಂದಿರಲಿಲ್ಲ! ಇವನ್ನೆಲ್ಲ ಸರಳವಾಗಿ, ಒಂದೊಂದು ಸಾಲಿನಲ್ಲಿ ಬರೆಸಿದೆವು. ಕನ್ನಡ, ಹಿಂದಿ, ಇಂಗ್ಲಿಷ್ ಬಲ್ಲೆನೆಂಬುದನ್ನೂ ಸೇರಿಸಲಾಯಿತು. ನಮ್ಮ ಭಾಗದ ವ್ಯಾಪಾರಿಗಳಿಗೆ ಕನ್ನಡದಲ್ಲಿ ವ್ಯವಹರಿಸಬಲ್ಲ ಲೆಕ್ಕಿಗ ಬೇಕು. ಬೆಳಗಾವಿಯಾದರೆ ಮರಾಠಿಯೂ ಉಪಯೋಗಕ್ಕೆ ಬರುತ್ತದೆ. ಇವನ್ನು ನಮ್ಮ ಮಕ್ಕಳು ಯೋಗ್ಯತೆಯೆಂದೇ ಎಣಿಸುವುದಿಲ್ಲ.

ಇನ್ನು ಆ ಒಂಬತ್ತು ತಿಂಗಳ ವಿಷಯ. ಹೆತ್ತ ತಂದೆಯ ಸೇವೆಯನ್ನು ಕಳಂಕವೆಂಬಂತೆ ಮುಚ್ಚಿಡಬೇಕೆ? ಅದೂ ಕಾಯಕವೇ ಎಂಬುದು ನಮ್ಮ ದೃಢವಾದ ನಂಬಿಕೆ. ಲೋಕವೂ ಇದನ್ನು ಒಪ್ಪತೊಡಗಿದೆ. 2022ರಿಂದ ಈ ತಾಣದಲ್ಲಿ ವೃತ್ತಿಯ ಬಿಡುವನ್ನು ಕಾರಣಸಹಿತ ನಮೂದಿಸಲು ಪ್ರತ್ಯೇಕ ಅವಕಾಶವಿದೆ. ಕುಟುಂಬದವರ ಆರೈಕೆಯೂ ಆ ಕಾರಣಗಳಲ್ಲಿ ಒಂದು. ಮಕ್ಕಳನ್ನು ಬೆಳೆಸಲು ಕೆಲಸ ಬಿಟ್ಟು ಈಗ ಮರಳಬಯಸುವ ನಮ್ಮ ಸಹೋದರಿಯರೂ ಇದನ್ನು ಗಮನಿಸಬೇಕು. ವ್ಯಾವಹಾರಿಕವಾಗಿ ನೋಡಿದರೂ ಸುಳ್ಳು ಲಾಭದಾಯಕವಲ್ಲ. ಹೊಸ ಸಂಸ್ಥೆಯವರು ಹಳೆಯ ಸಂಸ್ಥೆಯಿಂದ ಬಿಡುಗಡೆ ಪತ್ರ ಕೇಳುತ್ತಾರೆ. ಅದರಲ್ಲಿನ ತಾರೀಖು ಸುಳ್ಳನ್ನು ಬಯಲಿಗೆಳೆಯುತ್ತದೆ. ಆಗ ಕೆಲಸದೊಡನೆ ಮಾನವೂ ಹೋಗುತ್ತದೆ.

ಬಲ್ಲ ಕೆಲಸಗಳ ಪಟ್ಟಿಯಲ್ಲಿಯೂ ಇದೇ ಎಚ್ಚರಿಕೆ ಬೇಕು. ಆತ ಕಂಡವರ ಪುಟ ನೋಡಿ ಇಪ್ಪತ್ತಕ್ಕೂ ಹೆಚ್ಚು ಕೌಶಲಗಳನ್ನು ಸೇರಿಸಿದ್ದ. ಕೆಲವನ್ನು ಕಂಡೇ ಇರಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸದೆ ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ತನ್ನದಲ್ಲದ ವಿದ್ಯೆಯನ್ನು ತನ್ನ ಹೆಸರಿಗೆ ಬರೆದುಕೊಳ್ಳುವುದೂ ಆ ಹೆಚ್ಚಿನ ಅಕ್ಕಿಯಂತೆಯೇ. ಒಂಬತ್ತು ಉಳಿದವು, ಮಿಕ್ಕವನ್ನು ಅಳಿಸಲಾಯಿತು. ಹಿಂದಿನ ಮೇಲಧಿಕಾರಿಯಿಂದ ನಾಲ್ಕು ಸಾಲಿನ ಶಿಫಾರಸನ್ನು ಅದೇ ಪುಟದಲ್ಲಿ ಬರೆಸಿಕೊಳ್ಳಲೂ ತಿಳಿಸಿದೆವು.

ಕೊನೆಗೆ "ಕೆಲಸಕ್ಕೆ ಸಿದ್ಧನಿದ್ದೇನೆ" ಎಂದು ಸೂಚಿಸುವ ವ್ಯವಸ್ಥೆ. ಬೇಕಾದ ಹುದ್ದೆ ಮತ್ತು ಊರನ್ನು ಅಲ್ಲಿ ತಿಳಿಸಬಹುದು. ಅದು ಎಲ್ಲರಿಗೂ ಕಾಣಬೇಕೋ, ಉದ್ಯೋಗಿಗಳನ್ನು ನೇಮಿಸುವವರಿಗೆ ಮಾತ್ರವೋ ಎಂಬುದನ್ನು ನಾವೇ ನಿರ್ಧರಿಸಬಹುದು. ಈಗಾಗಲೇ ಕೆಲಸದಲ್ಲಿರುವವರು ಎಚ್ಚರದಿಂದಿರಬೇಕು. ತಮ್ಮ ಸಂಸ್ಥೆಗೆ ಇದು ತಿಳಿಯುವುದೇ ಇಲ್ಲವೆಂಬ ಪೂರ್ಣ ಭರವಸೆಯನ್ನು ತಾಣವು ಕೊಡುವುದಿಲ್ಲ.

ತಂದೆತಾಯಿಗಳಿಗೂ ಎರಡು ಮಾತು. ಇದು ವಧೂವರರ ಬಯೋಡೇಟಾ ಅಲ್ಲ. ಜನ್ಮದಿನಾಂಕ, ಎತ್ತರ, ಮನೆತನ, ಆಸ್ತಿಯ ವಿವರ ಇಲ್ಲಿ ಬೇಡ. ಮನೆಯ ವಿಳಾಸವನ್ನಾಗಲಿ ಆಧಾರ್ ಸಂಖ್ಯೆಯನ್ನಾಗಲಿ ಬರೆಯಲೇಬಾರದು. ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿದ ಭಾವಚಿತ್ರಕ್ಕಿಂತ ಬಿಳಿಯ ಗೋಡೆಯ ಮುಂದೆ ತೆಗೆದ ಸರಳ ಚಿತ್ರವೇ ಲೇಸು. ಕೆಲಸ ಕೊಡಿಸುವ ನೆಪದಲ್ಲಿ ನೋಂದಣಿ ಶುಲ್ಕ, ಠೇವಣಿ ಎಂದು ಹಣ ಕೇಳಿದರೆ ಅದು ವಂಚನೆಯೆಂದೇ ತಿಳಿದು ದೂರವಿರಿ. ಹಣ ಕೊಟ್ಟು ಮೋಸಹೋಗಿದ್ದರೆ ನಾಚಿಕೊಂಡು ಸುಮ್ಮನಿರದೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪುಟ ತಿದ್ದಿದ ಆರು ವಾರಗಳ ಮೇಲೆ ಆ ತಾಯಿಯ ಎರಡನೆಯ ಪತ್ರ ಬಂದಿದೆ. ಎರಡು ಕಡೆಯಿಂದ ವಿಚಾರಣೆ ಬಂದಿತಂತೆ. ಒಂದು ಕೆಲಸ ಬೇರೊಬ್ಬರ ಪಾಲಾಯಿತು. ಮತ್ತೊಂದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯದು. ಸಂದರ್ಶನದಲ್ಲಿ ಒಂಬತ್ತು ತಿಂಗಳ ಬಿಡುವಿನ ಬಗ್ಗೆ ಕೇಳಿದಾಗ ಹುಡುಗ ಇದ್ದುದನ್ನು ಇದ್ದಂತೆ ಹೇಳಿದ. ಅಧಿಕಾರಿಗಳು "ಈಗ ತಂದೆಯವರು ಹೇಗಿದ್ದಾರೆ?" ಎಂದು ವಿಚಾರಿಸಿ, ಜಿ.ಎಸ್.ಟಿ. ಪ್ರಶ್ನೆಗಳಿಗೆ ತೊಡಗಿದರಂತೆ. ಎರಡನೆಯ ಸುತ್ತಿನ ಮಾತುಕತೆ ಇನ್ನೂ ಬಾಕಿ ಇದೆ. ಫಲ ಏನಾಗುವುದೋ ನಾವರಿಯೆವು. ಆದರೆ ಆ ಯುವಕ ತಲೆಯೆತ್ತಿ ಉತ್ತರಿಸಿ ಬಂದನೆಂಬುದೇ ನಮಗೆ ಸಮಾಧಾನ ತಂದಿದೆ.

ಈ ಸಲದ ಸೋಮವಾರ ಪೂಜೆ-ಪ್ರಸಾದಗಳಾದ ಮೇಲೆ ಮನೆಯ ಮಕ್ಕಳೊಡನೆ ಕುಳಿತು ಅವರ ಪುಟವನ್ನು ಒಮ್ಮೆ ಓದಿಸಿ ಕೇಳಿರಿ. ಅವರು ಮಾಡಿದ ಕಾಯಕ ಅದರಲ್ಲಿದೆಯೇ? ಮಾಡದಿರುವುದು ಏನಾದರೂ ಸೇರಿದೆಯೇ? ಈ ಎರಡು ಪ್ರಶ್ನೆಗಳನ್ನು ಕೇಳಲು ಗಣಕಯಂತ್ರದ ಜ್ಞಾನ ಬೇಕಾಗಿಲ್ಲ. ಬಸವಾದಿ ಶರಣರ ಆಶೀರ್ವಾದದಿಂದ ನಮ್ಮ ಮಕ್ಕಳಿಗೆ ತಕ್ಕ ಕಾಯಕ ದೊರೆಯಲಿ.