ಮೈದಾನವಿಲ್ಲದ ಊರಿನಲ್ಲಿ ಕ್ರೀಡಾಂಗಣದ ಜಗಳ

ಸುಳ್ಯ ತಾಲೂಕಿನ ಜಾಲ್ಸೂರು ಕವಲುದಾರಿಯ ಊರು. ಮಾಣಿ-ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಇಲ್ಲಿಯೇ ಒಡೆಯುತ್ತದೆ. ಒಂದು ದಾರಿ ಹಿಡಿದರೆ ಮಡಿಕೇರಿ, ಮೈಸೂರು ದಾಟಿ ಬೆಂಗಳೂರು. ಇನ್ನೊಂದನ್ನು ಹಿಡಿದರೆ ಮುಳ್ಳೇರಿಯ, ಬೋವಿಕ್ಕಾನ ದಾಟಿ ಚೆರ್ಕಳ. ನಮ್ಮ ಫುಟ್ಬಾಲ್ ಪ್ರೇಮವೂ ಇಲ್ಲಿ ಹೀಗೆಯೇ ಕವಲೊಡೆದಿದೆ. ಅಣ್ಣನ ಮೈಮೇಲೆ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ, ತಮ್ಮನ ಮೈಮೇಲೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿ. ಸಂಜೆಯ ಚಹಾದಂಗಡಿಯಲ್ಲಿ ಈ ಎರಡು ಬಣ್ಣಗಳು ಎದುರಾದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಬಂದು ನಿಲ್ಲುವುದು ಕ್ರೀಡಾಂಗಣದಲ್ಲಿ.

"ನಿಮ್ಮ ಕಂಠೀರವದಲ್ಲಿ ಓಟದ ಟ್ರ್ಯಾಕಿನಾಚೆ ಕೂತು ದುರ್ಬೀನು ಹಿಡಿದು ಆಟ ನೋಡಬೇಕಲ್ಲ ಮಾರಾಯ. ನಿಮ್ಮದೇ ಅಂತ ಒಂದು ಸ್ಟೇಡಿಯಂ ಉಂಟಾ?"

"ಕೊಚ್ಚಿಯದ್ದೇನು ನಿನ್ನ ಅಜ್ಜನ ತೋಟವಾ? ಅದೂ ಸರಕಾರದ್ದೇ ಅಲ್ವಾ?"

ಆಮೇಲೆ ಯೋಜನೆಗಳ ಸುರಿಮಳೆ. ಬೆಂಗಳೂರಿನಲ್ಲಿ ಫುಟ್ಬಾಲಿಗೆಂದೇ ಒಂದು ಬೃಹತ್ ಕ್ರೀಡಾಂಗಣ ಆಗಬೇಕು. ಅಲ್ಲ, ಮಂಗಳೂರಿನಲ್ಲಿ ಆಗಬೇಕು, ಕರಾವಳಿಗೊಂದು ವೃತ್ತಿಪರ ತಂಡ ಬರಬೇಕು. ಅಲ್ಲ, ಕಾಸರಗೋಡಿನಲ್ಲೇ ಆಗಲಿ, ನಮಗೆ ಐವತ್ತು ಕಿಲೋಮೀಟರಿನೊಳಗೆ ಸಿಗುತ್ತದೆ. ಈ ಚರ್ಚೆಯಲ್ಲಿ ನಾವೂ ಗಂಟಲು ಹರಿದುಕೊಂಡವರೇ. ಆದರೆ ಇಷ್ಟು ವರ್ಷಗಳ ವಾದ ವಿವಾದದಲ್ಲಿ ನಮ್ಮಲ್ಲಿ ಯಾರೊಬ್ಬರೂ ಕೇಳದ ಒಂದು ಪ್ರಶ್ನೆಯಿದೆ. ನಾಳೆ ಬೆಳಿಗ್ಗೆ ಜಾಲ್ಸೂರಿನ ಹತ್ತು ವರ್ಷದ ಹುಡುಗನೊಬ್ಬ ಚೆಂಡು ಹಿಡಿದು ಮನೆಯಿಂದ ಹೊರಟರೆ ಎಲ್ಲಿಗೆ ಹೋಗಬೇಕು?

ಕ್ರೀಡಾಂಗಣ ಬೇಡವೆಂದು ನಾವು ಹೇಳುತ್ತಿಲ್ಲ. ಬೇಡಿಕೆಗೆ ನ್ಯಾಯವಿದೆ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆದಾಗ ಆರು ನಗರಗಳಿಗೆ ಪಂದ್ಯ ಸಿಕ್ಕಿತು. ದೆಹಲಿ, ಕೋಲ್ಕತಾ, ಗುವಾಹಟಿ, ಕೊಚ್ಚಿ, ನವಿ ಮುಂಬಯಿ ಮತ್ತು ಮಡಗಾಂವ್. ಕರ್ನಾಟಕದ ಹೆಸರಿರಲಿಲ್ಲ. 2022ರಲ್ಲಿ ಹುಡುಗಿಯರ ವಿಶ್ವಕಪ್ ಬಂದಾಗಲೂ ಇರಲಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲಿ ಅಶೋಕನಗರದ ಚಿಕ್ಕ ಫುಟ್ಬಾಲ್ ಕ್ರೀಡಾಂಗಣದಲ್ಲಿ ಆಡಿತು, ಬಳಿಕ ಕಂಠೀರವಕ್ಕೆ ಬಂತು. 1997ರ ರಾಷ್ಟ್ರೀಯ ಕ್ರೀಡಾಕೂಟದ ಓಟ ಜಿಗಿತಗಳು ನಡೆದ ಕ್ರೀಡಾಂಗಣವದು, ಅಥ್ಲೀಟುಗಳ ಮನೆ. ಫುಟ್ಬಾಲ್ ಬಂದ ಮೇಲೆ ತಮ್ಮ ಅಭ್ಯಾಸಕ್ಕೆ ಜಾಗವೂ ಸಮಯವೂ ಇಲ್ಲವಾಯಿತೆಂದು ಅಥ್ಲೀಟುಗಳು ಮತ್ತು ತರಬೇತುದಾರರು ಹೈಕೋರ್ಟಿನ ಮೆಟ್ಟಿಲೇರಿದರು. ವಿವಾದ ಎಲ್ಲಿಗೆ ಮುಟ್ಟಿತೆಂದರೆ 2019ರಲ್ಲಿ ಚಾಂಪಿಯನ್ ಪಟ್ಟದಲ್ಲಿದ್ದ ತಂಡವೇ ತನ್ನ ತವರಿನ ಪಂದ್ಯಗಳನ್ನು ಪುಣೆಯಲ್ಲಿ ಆಡುವುದಾಗಿ ಪ್ರಕಟಿಸಬೇಕಾಯಿತು. ಕೊನೆ ಗಳಿಗೆಯಲ್ಲಿ ಅನುಮತಿ ಸಿಕ್ಕಿ ಬೆಂಗಳೂರಿನಲ್ಲೇ ಉಳಿಯಿತು.

ಆಗ ನಾವು ಅಭಿಮಾನಿಗಳು ಏನು ಮಾಡಿದೆವು? ಅಥ್ಲೀಟುಗಳನ್ನು ಬೈದೆವು. ಖಾಲಿ ಗ್ಯಾಲರಿಯೆದುರು ಓಡುವವರಿಗೆ ಅಷ್ಟು ದೊಡ್ಡ ಕ್ರೀಡಾಂಗಣ ಯಾಕೆ ಎಂದು ಲೇವಡಿ ಮಾಡಿದೆವು. ಜಾಗವಿಲ್ಲದವನು ಜಾಗವಿಲ್ಲದ ಇನ್ನೊಬ್ಬನ ಮೇಲೆ ಮುಗಿಬೀಳುವುದು ಹೊಸತೇನಲ್ಲ. ಇಬ್ಬರಿಗೂ ಜಾಗ ಕೊಡಬೇಕಾದವರು ಆ ಹೊತ್ತಿನಲ್ಲಿ ನೆಮ್ಮದಿಯಾಗಿರುತ್ತಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನರು ಸತ್ತರು. ಅದಾಗಿ ಎರಡೇ ತಿಂಗಳಲ್ಲಿ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣದ ಯೋಜನೆಗೆ ಸರಕಾರ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಮನಸ್ಸು ಮಾಡಿದರೆ ಜಾಗವೂ ಸಿಗುತ್ತದೆ, ಹಣವೂ ಸಿಗುತ್ತದೆ ಎಂದಾಯಿತಲ್ಲ. ಹಾಗಾದರೆ ಓಟಗಾರನೂ ಚೆಂಡಾಟಗಾರನೂ ಒಂದೇ ಹುಲ್ಲಿಗಾಗಿ ಯಾಕೆ ಕಚ್ಚಾಡಬೇಕು?

ಇಷ್ಟನ್ನು ಒಪ್ಪಿಕೊಂಡ ಮೇಲೆ ನಮ್ಮ ತಕರಾರನ್ನು ಹೇಳುತ್ತೇವೆ.

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಬೆಂಗಳೂರು-ಕೇರಳ ಪಂದ್ಯ. ಎದುರಾಳಿಗಳು ಸಿದ್ಧರಾಗುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಬ್ಲಾಸ್ಟರ್ಸ್ ತಂಡ ಮೈದಾನದಿಂದಲೇ ಹೊರನಡೆಯಿತು. ಆ ಗೋಲು ಸರಿಯೋ ತಪ್ಪೋ ಎಂದು ಜಾಲ್ಸೂರಿನಲ್ಲಿ ಇವತ್ತಿಗೂ ಜಗಳವಾಗುತ್ತದೆ. ಮಾತು ಬಿಟ್ಟ ಗೆಳೆಯರೂ ಇದ್ದಾರೆ. ಆದರೆ ಅದರ ಮರುದಿನ, ಮಾರ್ಚ್ 4ರಂದು ಏನಾಯಿತೆಂದು ಕೇಳಿ ನೋಡಿ. ಹೆಚ್ಚಿನವರು ಬಾಯಿ ಬಾಯಿ ಬಿಡುತ್ತಾರೆ. ಅಂದು ಸೌದಿಯ ರಿಯಾದಿನಲ್ಲಿ ನಡೆದ ಫೈನಲಿನಲ್ಲಿ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಮೈಸೂರು ಎಂಬ ಹೆಸರಿನಲ್ಲಿ ಗೆದ್ದದ್ದು 1968-69ರಲ್ಲಿ. ನಡುವೆ 54 ವರ್ಷಗಳು! ನಮ್ಮೂರಿನ ಎಷ್ಟೋ ಮಂದಿ ದುಡಿಯುತ್ತಿರುವ ನಾಡಿನಲ್ಲೇ ನಮ್ಮ ರಾಜ್ಯ ಕಪ್ ಎತ್ತಿತು. ಜಾಲ್ಸೂರಿನಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ನಾವು ಪ್ರೀತಿಸುತ್ತಿರುವುದು ಫುಟ್ಬಾಲನ್ನೋ, ಅದರ ಜಾಹೀರಾತನ್ನೋ?

ಜಾಹೀರಾತಿನ ಫುಟ್ಬಾಲ್ ಎಷ್ಟು ಗಟ್ಟಿ ಎಂಬುದನ್ನು 2025 ತೋರಿಸಿಕೊಟ್ಟಿತು. ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪೆನಿಯ ನಡುವಿನ ಒಪ್ಪಂದ ಡಿಸೆಂಬರಿಗೆ ಮುಗಿಯಲಿತ್ತು. ಹೊಸ ಒಪ್ಪಂದ ಆಗಲಿಲ್ಲ. ಜುಲೈಯಲ್ಲಿ ಐಎಸ್‌ಎಲ್ ಋತುವನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಲೀಗನ್ನು ಮೊಟಕುಗೊಳಿಸಿ 2026ರ ಫೆಬ್ರವರಿಯಿಂದ ಆಡಿಸುವ ತೀರ್ಮಾನ ಹೊರಬೀಳುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಒಂದು ಸಹಿ ಬೀಳದಿದ್ದರೆ ನಿಂತುಹೋಗುವ ಆಟಕ್ಕೆ ನೂರಾರು ಕೋಟಿಯ ಕಾಂಕ್ರೀಟ್ ಕಟ್ಟಿ ಏನು ಮಾಡುವುದು? 2014ರ ವಿಶ್ವಕಪ್ಪಿಗೆಂದು ಬ್ರೆಜಿಲ್ ಅಮೆಝಾನ್ ಕಾಡಿನ ನಡುವಿನ ಮನಾಸ್ ನಗರದಲ್ಲಿ ಕ್ರೀಡಾಂಗಣ ಕಟ್ಟಿತು. ಅಲ್ಲಿ ನಡೆದ ವಿಶ್ವಕಪ್ ಪಂದ್ಯಗಳು ನಾಲ್ಕೇ ನಾಲ್ಕು. ಫುಟ್ಬಾಲಿನ ತವರಿನಲ್ಲೇ ಹೀಗಾದರೆ ನಮ್ಮ ಗತಿಯೇನು?

ಇನ್ನು ನಮ್ಮ ಊರಿನ ಕಡೆ ನೋಡೋಣ. ಇಲ್ಲಿ ಫುಟ್ಬಾಲ್ ಬೆಳೆದದ್ದು ಗದ್ದೆಯಲ್ಲಿ. ಕೊಯ್ಲು ಮುಗಿದು ಬೈಲು ಒಣಗಿದರೆ ಊರಿನ ಮಕ್ಕಳಿಗೆಲ್ಲ ಅದೇ ಮೈದಾನ. ಬೇಸಿಗೆಯಲ್ಲಿ ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ ಮಾಡಿ ಹೊನಲು ಬೆಳಕಿನ ಸೆವೆನ್ಸ್ ಪಂದ್ಯಾಟ. ಗಡಿಯಾಚೆಯಿಂದ ತಂಡಗಳು ಬರುತ್ತಿದ್ದವು. ಆಮೇಲೆ ಗದ್ದೆಗಳಿಗೆ ಮಣ್ಣು ಬಿತ್ತು, ಅಡಿಕೆ ಸಸಿ ನೆಟ್ಟರು. ಗದ್ದೆಯ ಒಡೆಯರನ್ನು ದೂರುವುದು ಸರಿಯಲ್ಲ. ಭತ್ತದಲ್ಲಿ ಹೊಟ್ಟೆ ತುಂಬುವುದಿಲ್ಲ, ಅಡಿಕೆಗೆ ಬೆಲೆಯಿದೆ. ಆದರೆ ಗದ್ದೆಯ ಜೊತೆಗೆ ಮೈದಾನವೂ ಹೋಯಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗುಡ್ಡದ ಮೇಲೆ ರಬ್ಬರು, ಬೈಲಿನಲ್ಲಿ ಅಡಿಕೆ, ನಡುವೆ ಮನೆ. ಉಳಿದದ್ದು ಶಾಲೆಯ ಅಂಗಳ, ಅದಕ್ಕೂ ಸಂಜೆಗೆ ಬೀಗ.

ಈಗ ಪೇಟೆಗಳಲ್ಲಿ ಬಲೆ ಕಟ್ಟಿದ ಟರ್ಫ್ ಬಂದಿದೆ. ಗಂಟೆಗಿಷ್ಟು ಬಾಡಿಗೆ. ಕೈಯಲ್ಲಿ ಕಾಸಿದ್ದವನಿಗೆ ಆಟ. ಕೂಲಿಯವನ ಮಗ ಬಲೆಯ ಹೊರಗೆ ನಿಂತು ನೋಡುತ್ತಾನೆ. ಹೆಣ್ಮಕ್ಕಳ ಮಾತಂತೂ ಕೇಳುವುದೇ ಬೇಡ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗಿನ ಫೈನಲ್ ತನಕ ಹೋದರು. ನಮ್ಮ ಹುಡುಗಿಯರಿಗೆ ಶಾಲೆ ಬಿಟ್ಟ ಮೇಲೆ ಓಡಲೊಂದು ಜಾಗವನ್ನಾದರೂ ನಾವು ಕೊಟ್ಟಿದ್ದೇವಾ? 2022ರ ವಿಶ್ವಕಪ್ ವೇಳೆ ಕೋಝಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊರ ಕಟೌಟ್ ನಿಲ್ಲಿಸಿದ್ದನ್ನು ಜಗತ್ತೇ ನೋಡಿತು. ಕಟೌಟಿಗೆ ಚಂದಾ ಎತ್ತುವ ಉಮೇದು ನಮ್ಮ ಗಡಿ ಊರುಗಳಿಗೂ ಹೊಸತಲ್ಲ. ಅದೇ ಉಮೇದು ಒಂದು ಗೋಲ್ ಪೋಸ್ಟ್ ನೆಡುವುದಕ್ಕೆ ಯಾಕೆ ಬರುವುದಿಲ್ಲ?

ಆಟಗಾರರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ದೂರದ ಸಾಕ್ಷಿ ಬೇಡ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದಿಂದ ಮುಹಮ್ಮದ್ ರಫಿ ಬಂದರು, ಎಂ. ಸುರೇಶ್ ಬಂದರು. ಇಬ್ಬರೂ ಭಾರತಕ್ಕೆ ಆಡಿದರು. ಅವರನ್ನು ರೂಪಿಸಿದ್ದು ಆ ಊರಿನ ಬಯಲು ಮತ್ತು ಕ್ಲಬ್ಬುಗಳು. ಅದಕ್ಕೂ ಹಿಂದೆ, 1937 ಮತ್ತು 1938ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗ ಕಂಠೀರವ ಎಲ್ಲಿತ್ತು? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡಾ ಬೆಂಗಳೂರಿನವರು. ಆ ತಂಡದ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಊರಿನಲ್ಲಿ ಬಯಲಿತ್ತು, ಅಷ್ಟೆ.

ರಾಮನ್ ಮತ್ತು ಅಹ್ಮದ್ ಒಂದೇ ತಂಡದಲ್ಲಿ ಆಡಿದ್ದನ್ನು ಹೇಳುವಾಗ ಇನ್ನೊಂದು ಮಾತನ್ನು ಹೇಳದೆ ಇರಲಾಗದು. 2022ರ ಜುಲೈಯಲ್ಲಿ ಇದೇ ಸುಳ್ಯ ತಾಲೂಕಿನಲ್ಲಿ, ಬೆಳ್ಳಾರೆಯ ಪರಿಸರದಲ್ಲಿ, ವಾರದ ಅಂತರದಲ್ಲಿ ಇಬ್ಬರು ಯುವಕರ ಕೊಲೆಯಾಯಿತು. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ. ಮೈದಾನವೊಂದಿದ್ದರೆ ಆ ಜೀವಗಳು ಉಳಿಯುತ್ತಿದ್ದವೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ ಮಾತಾಡುವ ಹುಡುಗರು ಒಟ್ಟಿಗೆ ಕೆಸರು ಮೆತ್ತಿಕೊಳ್ಳುವ ಜಾಗ ಈ ಊರಿನಲ್ಲಿ ಯಾವುದು ಉಳಿದಿದೆ? ಗದ್ದೆಯಲ್ಲಿ ಆಡುವಾಗ ಚೆಂಡನ್ನು ಯಾರಿಗೆ ಕೊಡಬೇಕೆಂದು ಹೆಸರು ಕೇಳಿ ತೀರ್ಮಾನಿಸುತ್ತಿರಲಿಲ್ಲ, ಖಾಲಿ ಇದ್ದವನಿಗೆ ಕೊಡುತ್ತಿದ್ದೆವು. ಇಂದು ನಮ್ಮ ಪಂದ್ಯಾಟಗಳ ಆಟಗಾರರ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಅವರ ಕ್ಲಬ್ಬಿನಲ್ಲಿ ಅವರೇ, ನಮ್ಮ ಕ್ಲಬ್ಬಿನಲ್ಲಿ ನಾವೇ. ತಪ್ಪು ಅವರದ್ದು ಮಾತ್ರವಲ್ಲ. ನಮ್ಮ ಸಂಘಟಕರೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ಮುನ್ನೂರು ಕಿಲೋಮೀಟರ್ ದೂರದ ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತು ಕಿರುಚುವುದರಿಂದ ಹುಟ್ಟದ ಸ್ನೇಹ ಒಂದೇ ತಂಡದಲ್ಲಿ ಹತ್ತು ದಿನ ಆಡಿದರೆ ಹುಟ್ಟುತ್ತದೆ.

"ನಾವು ಹೇಳಿದರೆ ಯಾರು ಕೇಳುತ್ತಾರೆ?" ಎಂದು ಕೆಲವರು ಕೈಚೆಲ್ಲುತ್ತಾರೆ. ಕೇಳಿದ್ದಾರೆ. 2018ರಲ್ಲಿ ಕೊಚ್ಚಿಯ ಕ್ರೀಡಾಂಗಣದ ಹುಲ್ಲು ಅಗೆದು ಕ್ರಿಕೆಟ್ ಪಿಚ್ ಮಾಡಲು ಹೊರಟಾಗ ಫುಟ್ಬಾಲ್ ಅಭಿಮಾನಿಗಳು ಎದ್ದು ನಿಂತರು. ಆಟಗಾರ ಸಿ.ಕೆ. ವಿನೀತ್ ದನಿಗೂಡಿಸಿದರು, ಸಚಿನ್ ತೆಂಡುಲ್ಕರ್ ಕೂಡಾ ಮಾತಾಡಿದರು. ವೆಸ್ಟ್ ಇಂಡೀಸ್ ವಿರುದ್ಧದ ಪಂದ್ಯ ತಿರುವನಂತಪುರಕ್ಕೆ ಹೋಯಿತು. ಲಂಡನಿನಲ್ಲಿ ವಿಂಬಲ್ಡನ್ ಕ್ಲಬ್ಬನ್ನು ಮಾಲಕರು ಬೇರೆ ಊರಿಗೆ ಹೊತ್ತೊಯ್ದಾಗ ಅಭಿಮಾನಿಗಳು 2002ರಲ್ಲಿ ತಮ್ಮದೇ ಕ್ಲಬ್ ಕಟ್ಟಿದರು. 2020ರಲ್ಲಿ ಹಳೆಯ ಜಾಗದ ಪಕ್ಕದಲ್ಲೇ ಹೊಸ ಕ್ರೀಡಾಂಗಣಕ್ಕೆ ಮರಳಿದರು. ಅಂಗಿ ಖರೀದಿಸುವವನು ಗ್ರಾಹಕ. ಪ್ರಶ್ನೆ ಕೇಳುವವನು ಅಭಿಮಾನಿ.

ಆದ್ದರಿಂದ ನಮ್ಮ ನಿಲುವು ಇದು. ಫುಟ್ಬಾಲಿಗೆಂದೇ ಕ್ರೀಡಾಂಗಣ ಕಟ್ಟುವುದಾದರೆ ಅದರ ಒಡೆತನ ಸಾರ್ವಜನಿಕರದ್ದಾಗಿರಲಿ, ಕಂಪೆನಿ ಬಾಡಿಗೆ ಕೊಟ್ಟು ಆಡಲಿ. ಪಂದ್ಯವಿಲ್ಲದ ದಿನಗಳಲ್ಲಿ ಶಾಲೆ ಕಾಲೇಜುಗಳ, ಮಹಿಳೆಯರ, ಜಿಲ್ಲಾ ಲೀಗಿನ ತಂಡಗಳಿಗೆ ಬಾಗಿಲು ತೆರೆದಿರಲಿ. ಕಂಠೀರವವನ್ನು ಅಥ್ಲೀಟುಗಳಿಗೆ ಗೌರವದಿಂದ ಬಿಟ್ಟುಕೊಡೋಣ. ಆದರೆ ಅದಕ್ಕಿಂತ ಮೊದಲು ಪ್ರತಿ ಗ್ರಾಮ ಪಂಚಾಯತಿಗೊಂದು ಮೈದಾನ ಬೇಕು. ಸೆವೆನ್ಸ್ ಆಡಲು ಒಂದೆಕರೆ ಸಮತಟ್ಟು ಜಾಗ ಧಾರಾಳ. ಹನ್ನೊಂದು ಜನರ ಪೂರ್ಣ ಅಂಕಣಕ್ಕೂ ಎರಡೂವರೆ ಎಕರೆ ಸಾಕು. 1,650 ಕೋಟಿಯ ಪಕ್ಕದಲ್ಲಿ ಇದೊಂದು ಖರ್ಚೇ? ಉದ್ಯೋಗ ಖಾತರಿ ಯೋಜನೆಯಡಿ ಆಟದ ಮೈದಾನ ಮಾಡಲು ವರ್ಷಗಟ್ಟಲೆ ಅವಕಾಶವಿತ್ತು. ನಮ್ಮಲ್ಲಿ ಎಷ್ಟು ಜನ ಅರ್ಜಿ ಕೊಟ್ಟೆವು?

ತಪ್ಪು ನಮ್ಮಿಂದಲೂ ಆಗಿದೆ. ಚಹಾದಂಗಡಿಯಲ್ಲಿ ಬೆಂಗಳೂರಿನ, ಕೊಚ್ಚಿಯ ಕ್ರೀಡಾಂಗಣಗಳ ನಕ್ಷೆ ಬರೆದವರು ಗ್ರಾಮಸಭೆಯ ದಿನ ಆ ಕಡೆ ತಲೆ ಹಾಕಿಲ್ಲ. ಮುಂದಿನ ಗ್ರಾಮಸಭೆಗೆ ನೀಲಿ ಅಂಗಿಯವರೂ ಹಳದಿ ಅಂಗಿಯವರೂ ಒಟ್ಟಿಗೆ ಹೋಗೋಣ. ಮಸೀದಿ ಕಮಿಟಿಯವರನ್ನೂ ಯುವಕ ಮಂಡಲದವರನ್ನೂ ಕರೆಯೋಣ, ಹೆಣ್ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಸರಕಾರಿ ಜಾಗದ ಸರ್ವೆ ನಂಬ್ರ ಹಿಡಿದುಕೊಂಡೇ ಹೋಗಿ, ಮೈದಾನಕ್ಕೆಂದು ಕಾದಿರಿಸಿ ನಿರ್ಣಯ ಬರೆಯಿರಿ ಎಂದು ಕೇಳೋಣ. ಬರೆದ ನಿರ್ಣಯವನ್ನು ಓದಿಸಿ ಕೇಳಿಯೇ ಎದ್ದು ಬರೋಣ. ಛೆಟ್ರಿಯ ಗೋಲಿನ ಜಗಳವನ್ನು ಆ ಮೈದಾನದ ಬದುವಿನಲ್ಲಿ ಕೂತು ಮುಂದುವರಿಸಬಹುದು.